ಹುದುಗಿಸಿಟ್ಟ ಹಿಟ್ಟು

“ಗುರುಗಳೇ, ಹುಳಿಯ ನಡುವೆ ಇದ್ದೂ ಹುಳಿಯಾಗದೆ ಇರುವುದು ಹೇಗೆ?”

ಕೇಳಿದವಳು ವಾರಿಜ. ಆರು ವರ್ಷದಿಂದ ಆಶ್ರಮದ ಅಡುಗೆಮನೆಯಲ್ಲಿ ಇದ್ದವಳು. ಮಧ್ಯಾಹ್ನದ ಊಟ ಮುಗಿದಿತ್ತು. ಗುರುಗಳು ಜಗಲಿಯ ಮೇಲೆ ಕುಳಿತಿದ್ದರು.

“ಯಾವ ಹುಳಿ? ಸಾರಿನದೋ, ಮಾತಿನದೋ?” ಎಂದರು ಗುರುಗಳು.

“ಸಾರಿನದಾಗಿದ್ದರೆ ಬೆಲ್ಲ ಹಾಕುತ್ತಿದ್ದೆ. ಮಾತಿನದು, ಗುರುಗಳೇ. ಅಡುಗೆಮನೆಯಲ್ಲಿ ನಾವು ನಾಲ್ಕು ಜನ. ಒಲೆ ಹೊತ್ತುವುದಕ್ಕೆ ಮೊದಲು ನಾವು ಹೊತ್ತಿಕೊಂಡಿರುತ್ತೇವೆ. ತುಂಗಮ್ಮ ಬಾಯಿ ತೆರೆದರೆ ಚುಚ್ಚುತ್ತಾಳೆ. ಉಳಿದಿಬ್ಬರು ಬಾಯಿಯನ್ನೇ ತೆರೆಯುವುದಿಲ್ಲ, ಅದು ಇನ್ನೊಂದು ಬಗೆಯ ಚುಚ್ಚು. ನಾನು ಬಂದಾಗ ಅಲ್ಲಿ ಹೀಗಿರಲಿಲ್ಲ. ಇನ್ನೂ ಇದ್ದರೆ ನಾನೂ ಅವರ ಹಾಗೇ ಆಗಿಬಿಡುತ್ತೇನೆ. ಅದಕ್ಕೇ ಹೊರಡುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ. ನಿಮ್ಮ ಅಪ್ಪಣೆ ಬೇಕು.”

“ಎಲ್ಲಿಗೆ ಹೋಗುತ್ತೀಯ?”

“ಎಲ್ಲಿಗಾದರೂ. ಹುಳಿ ಇಲ್ಲದ ಕಡೆಗೆ.”

ಗುರುಗಳು ಬೇಡ ಎನ್ನಲಿಲ್ಲ. ಹೋಗು ಎಂದೂ ಹೇಳಲಿಲ್ಲ.

“ಬಸ್ಸು ನಾಳೆ ತಾನೆ? ಒಂದು ಕತೆಗೆ ಹೊತ್ತಿದೆ. ಕೂತುಕೋ” ಎಂದರು.

ವಾರಿಜ ಕುಳಿತಳು. ಗುರುಗಳು ಕತೆ ಶುರುಮಾಡಿದರು.

ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ಬ್ರೆಡ್ಡಿನವಳು ಇದ್ದಳು. ಒಂದು ಸೌದೆಯ ಒಲೆ, ಹತ್ತಾರು ತಗಡಿನ ಅಚ್ಚು, ಒಂದು ಪಿಂಗಾಣಿ ಜಾಡಿ. ಅವಳ ಅಂಗಡಿ ಅಂದರೆ ಅಷ್ಟೇ. ಎದುರಿಗೆ ಜ್ವರದ ಆಸ್ಪತ್ರೆ. ಅಲ್ಲಿಯ ರೋಗಿಗಳಿಗೆ ದಿನವೂ ಬೆಳಗ್ಗೆ ನಲವತ್ತು ಬ್ರೆಡ್ಡು ಇವಳ ಒಲೆಯಿಂದ ಹೋಗಬೇಕು.

ಒಲೆಯನ್ನು ಯಾರು ಬೇಕಾದರೂ ಕಟ್ಟಬಹುದು. ಅಚ್ಚನ್ನು ಯಾರು ಬೇಕಾದರೂ ಮಾಡಿಸಬಹುದು. ಜಾಡಿ ಮಾತ್ರ ಹಾಗಲ್ಲ. ಅದರಲ್ಲಿ ತಾಯಿಹಿಟ್ಟು ಇತ್ತು. ನೋಡಿದರೆ ಗೋಧಿಹಿಟ್ಟು, ನೀರು, ಒಂದಷ್ಟು ಗುಳ್ಳೆ. ಆದರೆ ಅದರೊಳಗೆ ಕಣ್ಣಿಗೆ ಕಾಣದ ಯೀಸ್ಟಿನ ಜೀವಗಳು ಸಂಸಾರ ಹೂಡಿದ್ದವು. ದಿನವೂ ಅದರಿಂದ ಒಂದು ಹಿಡಿ ತೆಗೆದು ಹೊಸ ಹಿಟ್ಟಿಗೆ ಕಲಸಿದರೆ ಬ್ರೆಡ್ಡು ಉಬ್ಬುತ್ತಿತ್ತು. ತೆಗೆದದ್ದಕ್ಕೆ ಬದಲಾಗಿ ಒಂದು ಹಿಡಿ ಹಿಟ್ಟನ್ನೂ ಸ್ವಲ್ಪ ನೀರನ್ನೂ ಮತ್ತೆ ಜಾಡಿಗೆ ಹಾಕಬೇಕು. ಅದೇ ಆ ಜೀವಗಳಿಗೆ ಊಟ. ಹೀಗೆ ತೆಗೆಯುತ್ತ, ಹಾಕುತ್ತ, ಬ್ರೆಡ್ಡಿನವಳ ಅತ್ತೆಯ ಕಾಲದಿಂದ ಆ ಜಾಡಿ ಒಂದು ದಿನವೂ ಬರಿದಾಗಿರಲಿಲ್ಲ. ಪುಡಿ ಯೀಸ್ಟಿನ ಪೊಟ್ಟಣ ಆಗ ಆ ಪೇಟೆಗೆ ಬರುತ್ತಿರಲಿಲ್ಲ. ಹಿಟ್ಟನ್ನು ಹೊಸದಾಗಿ ಬೆಳೆಸಬಹುದಿತ್ತು. ಆದರೆ ಅದು ಹದಕ್ಕೆ ಬರಲು ತಿಂಗಳಾಗುತ್ತಿತ್ತು. ಬಂದರೂ ಅದರ ರುಚಿ ಬೇರೆ.

“ನನ್ನ ಜಾಡಿಯ ಮೇಲೆ ಊರಿನ ಕಣ್ಣೆಲ್ಲ ಇದೆ” ಎಂದು ಬ್ರೆಡ್ಡಿನವಳು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದಳು. ಹಿಂದಿನ ಬೀದಿಯಲ್ಲಿ ಇನ್ನೊಬ್ಬ ಬ್ರೆಡ್ಡಿನವನು ಇದ್ದ. ಅವನ ಕಣ್ಣಂತೂ ಇತ್ತು. ಅವಳ ಬ್ರೆಡ್ಡು ಮೆತ್ತಗಿತ್ತು. ಆ ಮೆದುತನ ಅವಳ ಮಾತಿಗೆ ಬಂದಿರಲಿಲ್ಲ. ಕೆಲಸಕ್ಕೆ ಬಂದವರು ಯಾರೂ ಒಂದು ಮಳೆಗಾಲ ನಿಂತದ್ದಿಲ್ಲ.

ಆ ಅಂಗಡಿಗೆ ಆಚೆ ದಡದಿಂದ ಒಬ್ಬ ಅಂಬಿಗನ ಮಗಳು ಕೆಲಸಕ್ಕೆ ಬಂದಳು. ವಯಸ್ಸು ಮೂವತ್ತು ದಾಟಿತ್ತು. ಅಪ್ಪ ತೀರಿಹೋಗಿದ್ದ. ಅಪ್ಪನ ದೋಣಿಯೂ ಬಂಡೆಗೆ ಬಡಿದು ಒಡೆದಿತ್ತು. ಆಚೆ ದಡದಲ್ಲಿ ಅವಳಿಗೆ ಅಂತ ಇನ್ನೇನೂ ಉಳಿದಿರಲಿಲ್ಲ. ಮಾತು ಕಡಿಮೆ. ನೋಡುವುದು ಜಾಸ್ತಿ.

“ಬಾಯಿ ಇದೆಯೋ ಇಲ್ಲವೋ?” ಎಂದು ಬ್ರೆಡ್ಡಿನವಳು ಮೊದಲ ದಿನವೇ ಕೇಳಿದಳು.

“ಇದೆ ಅಮ್ಮ.”

“ಊಟಕ್ಕೆ ಮಾತ್ರವಾ?”

ಅಂಬಿಗನ ಮಗಳು ನಕ್ಕು ಸೌದೆಯ ಕಡೆ ಹೋದಳು.

ಒಂಬತ್ತು ದಿನ ಅವಳು ಸೌದೆ ಸೀಳಿದಳು, ಅಚ್ಚು ಉಜ್ಜಿದಳು, ಒಲೆಯ ಬೂದಿ ತೆಗೆದಳು. ಜಾಡಿಯನ್ನು ಅವಳು ಮುಟ್ಟುವಂತಿರಲಿಲ್ಲ. ಅದರ ಊಟ ಉಪಚಾರವೆಲ್ಲ ಬ್ರೆಡ್ಡಿನವಳು ತನ್ನ ಕೈಯಿಂದಲೇ ಮಾಡುತ್ತಿದ್ದಳು. ಅದೂ ಬೆನ್ನು ತಿರುಗಿಸಿಕೊಂಡು.

ಹತ್ತನೆಯ ದಿನ ಒಲೆಯ ಕಮಾನು ಬಿರುಕುಬಿಟ್ಟಿತು. ಗಾರೆಯವನು ಬಂದು ನೋಡಿದ. ಬಿಚ್ಚಿ ಕಟ್ಟಿ ಒಣಗಿಸುವುದಕ್ಕೆ ಇಪ್ಪತ್ತು ದಿನ ಬೇಕು ಎಂದ. ಆಸ್ಪತ್ರೆಯವರು ಅಷ್ಟು ದಿನ ಗಂಜಿಯಲ್ಲಿ ಸುಧಾರಿಸಿಕೊಳ್ಳುತ್ತೇವೆ ಎಂದರು. ಬ್ರೆಡ್ಡಿನವಳ ಮಗಳಿಗೆ ಅದೇ ವಾರ ಹೆರಿಗೆಯಾಗಿತ್ತು. ಒಲೆ ಒಣಗುವಷ್ಟರಲ್ಲಿ ಬಾಣಂತಿಯನ್ನು ನೋಡಿಕೊಂಡು ಬರೋಣ ಎಂದು ಅವಳು ಹೊರಟಳು. ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಛತ್ರಿ. ದೋಣಿಯವನು ಕೂಗುತ್ತಿದ್ದ. ಅವಸರದಲ್ಲಿ ಅವಳು ಹೊಸ್ತಿಲಿನಿಂದ ತಿರುಗಿ ನೋಡಿ ಹೇಳಿದ್ದು ಒಂದೇ ಮಾತು.

“ತಾಯಿಹಿಟ್ಟನ್ನು ಹುದುಗಿಸಿಡು. ಮರೆತೀಯ.”

“ಇಲ್ಲ ಅಮ್ಮ” ಎಂದಳು ಅಂಬಿಗನ ಮಗಳು.

ಅವಳು ಮರೆಯಲೂ ಇಲ್ಲ. ಆದರೆ ಆಚೆ ದಡದಲ್ಲಿ ಹಿಟ್ಟು ಉಬ್ಬಿದರೆ ‘ಹುಳಿ ಬಂತು’ ಅನ್ನುತ್ತಾರೆ. ಹುದುಗಿಸುವುದು ಅಂದರೆ ಅವಳ ಮನೆಯಲ್ಲಿ ಒಂದೇ ಅರ್ಥ. ದೋಣಿಯ ಹುಟ್ಟನ್ನು ಯಾರೂ ಕದಿಯದ ಹಾಗೆ ಅಪ್ಪ ಜೊಂಡಿನೊಳಗೆ ಹುದುಗಿಸಿಡುತ್ತಿದ್ದ. ಈಚೆ ದಡದಲ್ಲಿ ಅದೇ ಮಾತಿಗೆ, ಊಟ ಹಾಕಿ ಗುಳ್ಳೆ ಬರಿಸು ಎಂಬ ಅರ್ಥವೂ ಇದೆ ಎಂದು ಅವಳಿಗೆ ಯಾರು ಹೇಳಬೇಕು? ಊರಿನ ಕಣ್ಣೆಲ್ಲ ಜಾಡಿಯ ಮೇಲಿದೆ ಎಂಬುದನ್ನಂತೂ ಅವಳು ಒಂಬತ್ತು ದಿನದಲ್ಲಿ ಹದಿನೆಂಟು ಸಲ ಕೇಳಿದ್ದಳು.

ಅವಳು ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದಳು. ನೀರಿನ ಗುಡಾಣಗಳ ಹಿಂದೆ ಒದ್ದೆ ಮರಳಿನ ಕಟ್ಟೆ ಇತ್ತು. ಅದರಲ್ಲಿ ಜಾಡಿಯನ್ನು ಕತ್ತಿನವರೆಗೂ ಇಳಿಸಿ, ಮೇಲೆ ಒಂದು ಹಳೆಯ ಬುಟ್ಟಿ ಕವುಚಿದಳು. ಇಪ್ಪತ್ತು ದಿನ ಅದರ ಎದುರೇ ಚಾಪೆ ಹಾಕಿಕೊಂಡು ಮಲಗಿದಳು. ಹಿಂದಿನ ಬೀದಿಯವನು ಎರಡು ಸಲ ಬಂದು, “ಮನೆಯಲ್ಲಿ ಯಾರೂ ಇಲ್ಲವಾ?” ಎಂದು ಇಣುಕಿದ. ಅವಳು ಸೌದೆ ಸೀಳುವ ಕೊಡಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಮಾತಾಡಿಸಿ ಕಳಿಸಿದಳು.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಬ್ರೆಡ್ಡಿನವಳು ಬಂದಳು. ಬಂದವಳು ಮೊದಲು ಒಲೆ ತಟ್ಟಿ ನೋಡಿದಳು. ಆಮೇಲೆ ಕೇಳಿದಳು.

“ತಾಯಿಹಿಟ್ಟು ಹೇಗಿದೆ?”

“ಭದ್ರವಾಗಿದೆ ಅಮ್ಮ. ಒಂದು ನರಪಿಳ್ಳೆಗೂ ಸಿಕ್ಕಿಲ್ಲ.”

“ಸಿಕ್ಕಿಲ್ಲ ಅಂದರೆ?”

ಅಂಬಿಗನ ಮಗಳು ಬುಟ್ಟಿ ಎತ್ತಿದಳು. ಮರಳು ಸರಿಸಿದಳು. ಜಾಡಿಯನ್ನು ತಂದು ಬ್ರೆಡ್ಡಿನವಳ ಮುಂದೆ ಇಟ್ಟಳು. ಮುಖದಲ್ಲಿ ಹೆಮ್ಮೆ ಇತ್ತು. ಬಟ್ಟೆ ಬಿಚ್ಚಿದ ಮೇಲೆ ಅದು ಇರಲಿಲ್ಲ. ಹಿಟ್ಟಿನ ಮೇಲೆ ಬೆರಳೆತ್ತರಕ್ಕೆ ಕಪ್ಪು ನೀರು ನಿಂತಿತ್ತು. ವಿನೆಗರ್‌ನಂಥ ವಾಸನೆ ಮೂಗಿಗೆ ಹೊಡೆಯಿತು. ಕೆಳಗಿನ ಹಿಟ್ಟು ಬೂದುಬಣ್ಣಕ್ಕೆ ತಿರುಗಿ ತಳ ಕಚ್ಚಿತ್ತು. ಒಂದು ಗುಳ್ಳೆ ಇಲ್ಲ.

“ಊಟ ಹಾಕಿದ್ದೀಯಾ?”

“ಹಾಕು ಅಂತ ನೀವು ಹೇಳಲಿಲ್ಲ. ಹುದುಗಿಸಿಡು ಅಂದಿರಿ.”

ಬ್ರೆಡ್ಡಿನವಳು ಮರಳಿನ ಗುಂಡಿಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಆಮೇಲೆ ಅವಳ ನಾಲಿಗೆ ಬಿಚ್ಚಿಕೊಂಡಿತು.

“ನಿಮ್ಮೂರಲ್ಲಿ ಹುದುಗಿಸು ಅಂದರೆ ಹೂಳುವುದಾ? ಹಾಗಾದರೆ ಹೂವು, ಊದುಬತ್ತಿ ಯಾಕೆ ಇಟ್ಟಿಲ್ಲ ತಾಯಿ? ಮೂರು ದಿನಕ್ಕೆ ಹಾಲು ತುಪ್ಪ ಬಿಟ್ಟೆಯೋ, ಅದೂ ಇಲ್ಲವೋ? ನಮ್ಮ ಅತ್ತೆ ಪ್ರಾಣ ಬಿಡುವಾಗ ಮಗನ ಕೈ ಹಿಡಿದುಕೊಳ್ಳಲಿಲ್ಲ, ಈ ಜಾಡಿ ಹಿಡಿದುಕೊಂಡಿದ್ದಳು. ಅದನ್ನು ಗುಡಾಣದ ಹಿಂದೆ ಹುಗಿದು, ಮುಂದೆ ಕಾವಲು ಬೇರೆ ಮಲಗಿದ್ದೀಯ.”

ಅಂಬಿಗನ ಮಗಳು ಜಾಡಿಯ ಮೈಗೆ ಅಂಟಿದ ಮರಳನ್ನು ಒರೆಸಿದಳು.

“ಇದು ಸತ್ತಿದ್ದರೆ ನಿನ್ನ ಕೆಲಸವೂ ಸತ್ತ ಹಾಗೇ. ಸಂಜೆಯ ದೋಣಿ ಹತ್ತು” ಎಂದು ಬ್ರೆಡ್ಡಿನವಳು ಮಾತು ಮುಗಿಸಿದಳು.

ಇಲ್ಲಿ ವಾರಿಜ ಬಾಯಿ ಹಾಕಿದಳು. “ಈ ಬ್ರೆಡ್ಡಿನವಳು ನಮ್ಮ ತುಂಗಮ್ಮನೇ, ಗುರುಗಳೇ. ಮೊನ್ನೆ ನಾನು ಇಷ್ಟೇ ಅಂದೆ: ತುಂಗಮ್ಮ, ಉಪ್ಪು ಹಾಕುವ ಮೊದಲು ಪಾತ್ರೆಗೆ ಕಣ್ಣು ಹಾಕು, ಎರಡು ಸಲ ಉಪ್ಪು ಬೀಳುವುದು ತಪ್ಪುತ್ತದೆ ಅಂತ. ಅದಕ್ಕೆ ಅವಳು ಮೂರು ದಿನ ಉರಿದಳು.”

“ಹೌದಾ?” ಎಂದರು ಗುರುಗಳು. ಮತ್ತೆ ಕತೆಗೆ ಬಂದರು.

ಹೊತ್ತು ಏರುವಷ್ಟರಲ್ಲಿ ಎದುರಿನ ಆಸ್ಪತ್ರೆಯ ಡಾಕ್ಟರು ರಸ್ತೆ ದಾಟಿ ಬಂದರು. ರೋಗಿಗಳು ಗಂಜಿ ನೋಡಿ ಮುಖ ತಿರುಗಿಸುತ್ತಿದ್ದಾರೆ, ಬ್ರೆಡ್ಡು ಯಾವತ್ತಿನಿಂದ ಎಂದು ಕೇಳಲು ಬಂದಿದ್ದರು.

“ಎಲ್ಲಿಯ ಬ್ರೆಡ್ಡು ಡಾಕ್ಟರೇ? ಇವಳು ತಾಯಿಹಿಟ್ಟನ್ನು ಇಪ್ಪತ್ತು ದಿನ ಒದ್ದೆ ಮರಳಲ್ಲಿ ಹೂತಿಟ್ಟಿದ್ದಳು, ಸತ್ತುಹೋಗಿದೆ” ಎಂದಳು ಬ್ರೆಡ್ಡಿನವಳು.

“ಸತ್ತಿದೆ ಅಂತ ಹೇಳುವುದು ನನ್ನ ಕೆಲಸ. ಅದನ್ನೂ ನೀವೇ ಮಾಡಿದರೆ ನಾನೇನು ಮಾಡಲಿ?” ಎಂದರು ಡಾಕ್ಟರು. ಜಾಡಿಯನ್ನು ಮೂಸಿ ಮುಖ ಹಿಂದಕ್ಕೆ ಎಳೆದರು. “ಇದನ್ನು ಎತ್ತಿಕೊಂಡು ಬನ್ನಿ.”

ಆಸ್ಪತ್ರೆಯಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಡಾಕ್ಟರು ಹಿಟ್ಟನ್ನು ನೀರಿನಲ್ಲಿ ಕದಡಿದರು. ಗಾಜಿನ ಪಟ್ಟಿಯ ಮೇಲೆ ಅದರ ಒಂದು ಹನಿ ಇಟ್ಟು, ಪಕ್ಕದ ಶೀಸೆಯಿಂದ ಒಂದು ತೊಟ್ಟು ನೀಲಿ ಬಣ್ಣ ಬೆರೆಸಿದರು.

“ಈ ಬಣ್ಣ ಎಲ್ಲದರೊಳಕ್ಕೂ ಹೋಗುತ್ತದೆ. ಸತ್ತದ್ದು ನೀಲಿಯಾಗಿಯೇ ಉಳಿಯುತ್ತದೆ. ಬದುಕಿದ್ದು ಒಳಗೆ ಬಂದ ಬಣ್ಣವನ್ನು ಕೆಡಿಸಿ, ತಾನು ಇದ್ದ ಹಾಗೇ ಇರುತ್ತದೆ” ಎಂದರು.

ಮೊದಲು ಬ್ರೆಡ್ಡಿನವಳು ಬಗ್ಗಿ ನೋಡಿದಳು. “ಎಲ್ಲ ನೀಲಿ” ಎಂದು ಎದ್ದುಬಿಟ್ಟಳು.

ಆಮೇಲೆ ಅಂಬಿಗನ ಮಗಳು ನೋಡಿದಳು. ಅವಳು ಬೇಗ ಏಳಲಿಲ್ಲ. ಹೊಳೆಯ ಮೇಲೆ ದೂರದ ದೋಣಿಯನ್ನು ಹುಡುಕಿ ಹುಡುಕಿ ಅವಳ ಕಣ್ಣಿಗೆ ಅಭ್ಯಾಸವಿತ್ತು. ನೀಲಿ ಮಣಿ, ನೀಲಿ ಮಣಿ, ಮತ್ತೆ ನೀಲಿ ಮಣಿ. ಆ ಗುಂಪಿನ ಅಂಚಿನಲ್ಲಿ ಬಣ್ಣವೇ ಇಲ್ಲದ ಒಂದು ಮಣಿ. ಸ್ವಲ್ಪ ಆಚೆ ಇನ್ನೆರಡು.

“ಮೂರಕ್ಕೆ ಬಣ್ಣ ಹತ್ತಿಲ್ಲ” ಎಂದಳು.

ಡಾಕ್ಟರು ನೋಡಿದರು. ಪಟ್ಟಿಯನ್ನು ಸರಿಸಿ ಮತ್ತೆ ನೋಡಿದರು. “ಮೂರಲ್ಲ. ಹತ್ತರಲ್ಲಿ ಒಂದು ಬದುಕಿದೆ” ಎಂದರು.

ಅಂಬಿಗನ ಮಗಳಿಗೆ ಕೆಲಸ ಹೋಗುವ ಚಿಂತೆ ಆ ಹೊತ್ತಿಗೆ ಮರೆತುಹೋಯಿತು. “ಮೂಗಿಗೇ ತಡೆಯಲಾಗದ ಹುಳಿ ಇದು. ಅದರೊಳಗೆ ಮುಳುಗಿಕೊಂಡು ಇವು ಹೇಗೆ ಬದುಕಿವೆ? ಇವುಗಳ ಗೋಡೆ ಅಷ್ಟು ಗಟ್ಟಿಯಾ?” ಎಂದು ಕೇಳಿದಳು.

“ಗೋಡೆ ಇದೆ, ಕಷ್ಟ ಬಂದಾಗ ಅದನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತವೆ. ಆದರೆ ಈ ಹುಳಿಗೆ ಗೋಡೆ ದಾಟುವ ಉಪಾಯ ಗೊತ್ತು. ಹೊರಗಿದ್ದಾಗ ಅದು ಕೈಕಟ್ಟಿಕೊಂಡು ಸಾಧುವಿನ ಹಾಗೆ ಬರುತ್ತದೆ. ಒಳಗೆ ಕಾಲಿಟ್ಟ ಮೇಲೆ ಕೈ ಬಿಚ್ಚುತ್ತದೆ. ಅಲ್ಲಿ ಹುಳಿ ಹರಡುತ್ತದೆ. ಒಳಗೆ ಹುಳಿ ಏರಿತೋ, ಜೀವದ ಕೆಲಸವೆಲ್ಲ ನಿಂತಿತು.”

“ಮತ್ತೆ?”

“ಬಂದದ್ದನ್ನು ಬಂದ ಹಾಗೇ ಹೊರಗೆ ಹಾಕುತ್ತವೆ. ಅವುಗಳ ಮೈತುಂಬ ಅದಕ್ಕೇ ಅಂತ ಸಣ್ಣ ಸಣ್ಣ ಪಂಪು ಇವೆ ಅಂದುಕೋ. ಒಂದು ಗಳಿಗೆ ಬಿಡುವಿಲ್ಲ. ಉಂಡ ಅನ್ನದಲ್ಲಿ ದೊಡ್ಡ ಪಾಲು ಆ ಪಂಪಿಗೇ ಖರ್ಚು.”

“ದೋಣಿಯ ನೀರು ಮೊಗೆದು ಹಾಕಿದ ಹಾಗೆ” ಎಂದಳು ಅವಳು. “ಹಳೆಯ ದೋಣಿಗೆ ಎಷ್ಟು ಅರಗು ಬಳಿದರೂ ನೀರು ಬಂದೇ ಬರುತ್ತದೆ. ಅಪ್ಪ ಒಂದು ಕರಟ ಇಟ್ಟುಕೊಂಡು ಮೊಗೆಯುತ್ತಲೇ ಇರುತ್ತಿದ್ದ.”

“ಹಾಗೇ. ಇವಕ್ಕೆ ಕರಟ ಹಿಡಿಯುವುದು ನಿಧಾನವಾಗಿ ಅಭ್ಯಾಸವಾಯಿತು. ಮೊದಲ ದಿನವೇ ಯಾರಾದರೂ ಜಾಡಿಗೆ ಇಷ್ಟು ಹುಳಿ ಸುರಿದಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಇದು ದಿನಕ್ಕೆ ಸ್ವಲ್ಪ ಸ್ವಲ್ಪ ಏರಿದ ಹುಳಿ. ಜೊತೆಗೆ ಮರಳು ತಂಪಾಗಿತ್ತು. ನೀನು ಹೂತದ್ದರಿಂದ ಅಷ್ಟಾದರೂ ಉಪಕಾರವಾಯಿತು.”

ಬ್ರೆಡ್ಡಿನವಳಿಗೆ ಈ ಉಪಕಾರದ ಮಾತು ಹಿಡಿಸಲಿಲ್ಲ. “ಬದುಕಿದ್ದರೆ ಯಾಕೆ ಉಬ್ಬುತ್ತಿಲ್ಲ? ಸೋಮಾರಿ ಬಿದ್ದಿದ್ದಾವಾ?” ಎಂದಳು.

ಡಾಕ್ಟರು ಉತ್ತರ ಕೊಡುವ ಮೊದಲು ಅಂಬಿಗನ ಮಗಳೇ ಹೇಳಿದಳು. “ನೀರು ಮೊಗೆಯುವ ಕೈ ಹುಟ್ಟು ಹಾಕಲಾರದು ಅಮ್ಮ. ದೋಣಿ ನಿಂತ ಹಾಗೆ ಕಾಣುತ್ತದೆ. ಒಳಗೆ ಕೂತವನಿಗೆ ಮೈಯೆಲ್ಲ ಬೆವರು.”

ಆ ಅಂಗಡಿಗೆ ಬಂದ ಮೇಲೆ ಅವಳು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಬ್ರೆಡ್ಡಿನವಳು ಅವಳನ್ನು ಒಂದು ಸಲ ಮೇಲಿಂದ ಕೆಳಕ್ಕೆ ನೋಡಿದಳು.

“ಬಾಯಿ ಊಟಕ್ಕೆ ಮಾತ್ರ ಅಲ್ಲ ಅಂತಾಯಿತು. ಸರಿ, ಈಗ ಏನು ಮಾಡೋಣ? ಒಂದು ಚಮಚ ಸೋಡಾ ಹಾಕಿ ಹುಳಿ ಮುರಿಯಲಾ?”

“ಅದು ಬೇಡ ಅಮ್ಮ. ದೋಣಿ ಮುಳುಗುತ್ತಿದ್ದರೆ ಮೊದಲು ಹೊರೆ ಇಳಿಸಬೇಕು.”

ಅವಳು ಮನೆಗೆ ಬಂದು ಕಪ್ಪು ನೀರನ್ನು ಬಸಿದಳು. ತಳದಿಂದ ಒಂದೇ ಒಂದು ಚಮಚ ಹಿಟ್ಟು ತೆಗೆದು ಬಟ್ಟಲಿಗೆ ಹಾಕಿದಳು. ಎರಡು ಚಮಚ ಹೊಸ ಹಿಟ್ಟು, ಉಗುರುಬೆಚ್ಚಗಿನ ನೀರು. ಕಲಸಿ ಮುಚ್ಚಿಟ್ಟಳು. ಉಳಿದ ಹಿಟ್ಟನ್ನು ಗಿಡದ ಬುಡಕ್ಕೆ ಸುರಿಯಲು ಹೋದಾಗ ಬ್ರೆಡ್ಡಿನವಳು ಅವಳ ಕೈ ತಡೆದಳು. ಅತ್ತೆಯ ಹಿಟ್ಟು. ಒಂದು ಚಮಚಕ್ಕಾಗಿ ಅಷ್ಟನ್ನೂ ಚೆಲ್ಲಲು ಅವಳಿಗೆ ಮನಸ್ಸು ಬರಲಿಲ್ಲ. ಜಾಡಿಯನ್ನು ಹಾಗೆಯೇ ಮೂಲೆಯಲ್ಲಿ ಇರಿಸಿಕೊಂಡಳು.

“ಸಂಜೆಯ ದೋಣಿಯವರೆಗೆ ನೋಡುತ್ತೇನೆ. ಒಂದು ಗುಳ್ಳೆ ಬರಲಿ, ನೀನು ಇರು. ಬರದಿದ್ದರೆ ನಿನ್ನ ಗಂಟು ಕಟ್ಟಿಕೋ.”

ಅಂಬಿಗನ ಮಗಳು ಬಟ್ಟಲಿನ ಮುಂದೆ ಕುಳಿತಳು. ಬ್ರೆಡ್ಡಿನವಳು ಕೆಲಸವಿಲ್ಲದಿದ್ದರೂ ಆ ದಾರಿಯಲ್ಲೇ ಏಳೆಂಟು ಸಲ ಹಾದುಹೋದಳು. ಮಧ್ಯಾಹ್ನವಾಯಿತು. ಗುಳ್ಳೆ ಇಲ್ಲ. ಬಿಸಿಲು ಇಳಿಯಿತು. ಗುಳ್ಳೆ ಇಲ್ಲ. ದಡದಿಂದ ದೋಣಿಯವನ ಕೂಗು ಕೇಳಿಸಿತು. ಅಂಬಿಗನ ಮಗಳು ಎದ್ದು ತನ್ನ ಎರಡು ಸೀರೆ ಮಡಿಚಿ ಗಂಟು ಕಟ್ಟಿದಳು. ಹೊರಡುವ ಮೊದಲು ಬಟ್ಟಲಿಗೆ ಇನ್ನೊಂದು ಚಮಚ ಹಿಟ್ಟು ಹಾಕಿ ಕಲಸಿದಳು. ಆಮೇಲೆ ಬಾಗಿಲಿಗೆ ಬಂದಳು.

ಬಾಗಿಲಲ್ಲಿ ಬ್ರೆಡ್ಡಿನವಳು ನಿಂತಿದ್ದಳು.

“ದೋಣಿ ತುಂಬಿಹೋಗಿದೆ. ನಾಳೆ ಹೋದರಾಯಿತು” ಎಂದಳು.

ಅಂಬಿಗನ ಮಗಳು ಅವಳ ಭುಜದ ಮೇಲಿಂದ ಹೊಳೆಯ ಕಡೆ ನೋಡಿದಳು. ದೋಣಿಯಲ್ಲಿ ಒಂದು ಕರು, ಇಬ್ಬರು ಹೆಂಗಸರು, ಅಷ್ಟೇ ಇದ್ದರು. ಅಂಬಿಗನ ಮಗಳಿಗೆ ದೋಣಿ ತುಂಬಿದೆಯೋ ಇಲ್ಲವೋ ಗೊತ್ತಾಗದೆ ಇರುತ್ತದೆಯೇ? ಆದರೂ ಅವಳು “ಹೂಂ, ತುಂಬಿದೆ” ಎಂದು ಗಂಟನ್ನು ಗೋಡೆಯ ಗೂಟಕ್ಕೆ ನೇತುಹಾಕಿದಳು.

ಮರುದಿನ ನಡುಮಧ್ಯಾಹ್ನ ಬಟ್ಟಲಿನ ಅಂಚಿನಲ್ಲಿ ಒಂದು ಗುಳ್ಳೆ ಬಂತು. ಸಾಸಿವೆಯಷ್ಟು. ಅದು ಒಡೆಯುವ ಮೊದಲೇ ಪಕ್ಕದಲ್ಲಿ ಇನ್ನೊಂದು. ಅಂಬಿಗನ ಮಗಳು ಯಾರನ್ನೂ ಕರೆಯಲಿಲ್ಲ. ತಲೆ ಎತ್ತಿ ನೋಡಿದರೆ ಬ್ರೆಡ್ಡಿನವಳು ಆಗಲೇ ಅವಳ ಹಿಂದೆ ಬಗ್ಗಿ ನೋಡುತ್ತಿದ್ದಳು.

“ಹುದುಗು ಬಂತು” ಎಂದಳು ಬ್ರೆಡ್ಡಿನವಳು. “ನಿಮ್ಮೂರಿನ ಹುದುಗು ಅಲ್ಲ, ನಮ್ಮೂರಿನದು” ಎಂದು ಸೇರಿಸಿದಳು.

ಮೂರನೆಯ ದಿನ ಹಿಟ್ಟು ಬಟ್ಟಲು ಮೀರಿ ಉಬ್ಬಿತು. ನಾಲ್ಕನೆಯ ದಿನ ಹೊಸ ಒಲೆಯಿಂದ ನಲವತ್ತು ಬ್ರೆಡ್ಡು ಇಳಿದವು. ಹುಳಿ ಒಂದು ಗುಲಗಂಜಿ ಹೆಚ್ಚಾಗಿತ್ತು. ಜ್ವರದ ಬಾಯಿಗೆ ಅದೇ ಹಿತವಾಯಿತು. ರೋಗಿಗಳು ಇನ್ನೊಂದು ಚೂರು ಕೇಳಿದರು.

ಬ್ರೆಡ್ಡು ಕೊಡಲು ಹೋದವಳು ಅಂಬಿಗನ ಮಗಳು. ಬುಟ್ಟಿ ಇಳಿಸಿದ ಮೇಲೂ ಅವಳು ಹೊರಡಲಿಲ್ಲ. ನಾಲ್ಕು ದಿನದಿಂದ ಒಂದು ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು.

“ಡಾಕ್ಟರೇ, ಒಂದು ಮಾತು. ಅವು ಹುಳಿಯನ್ನು ಮೊಗೆದು ಮೊಗೆದು ಹೊರಗೆ ಹಾಕುತ್ತವೆ ಅಂದಿರಿ. ಹೊರಗೆ ಅಂದರೆ ಎಲ್ಲಿ?”

ಡಾಕ್ಟರು ಬ್ರೆಡ್ಡು ಎಣಿಸುವುದನ್ನು ನಿಲ್ಲಿಸಿದರು. “ಇನ್ನೆಲ್ಲಿ? ಅದೇ ಜಾಡಿಗೆ.”

“ಅಲ್ಲಿ ಪಕ್ಕದ ಮಣಿ ಇರುತ್ತದಲ್ಲ?”

“ಇರುತ್ತದೆ. ಅದರ ಸುತ್ತ ಹುಳಿ ಅಷ್ಟು ಹೆಚ್ಚುತ್ತದೆ. ಅದೂ ಮೊಗೆಯುತ್ತದೆ. ಇದರ ಸುತ್ತ ಅಷ್ಟು ಹೆಚ್ಚುತ್ತದೆ.”

“ಹಾಗಾದರೆ ಜಾಡಿಯ ಹುಳಿಯೆಲ್ಲ ಅವುಗಳದೇ?”

“ಎಲ್ಲ ಅಲ್ಲ. ಹಿಟ್ಟಿನಲ್ಲಿ ಹುಳಿ ಮಾಡುವ ಬೇರೆ ಜೀವಗಳೂ ಇವೆ, ಹೆಚ್ಚಿನದು ಅವುಗಳ ಕೆಲಸ. ಆದರೆ ಇವು ಹೊರಗೆ ಹಾಕಿದ್ದೂ ಅದರಲ್ಲಿ ಸೇರಿದೆ. ಬೆರೆತ ಮೇಲೆ ಯಾರದು ಎಷ್ಟು ಅಂತ ನಾನು ಹೇಗೆ ಹೇಳಲಿ? ಗಾಜಿನಲ್ಲಿ ಜೀವ ಕಾಣುತ್ತದೆ. ಹುಳಿಗೆ ಹೆಸರು ಬರೆದಿರುವುದಿಲ್ಲ.”

ಅವಳು ಖಾಲಿ ಬುಟ್ಟಿ ಹಿಡಿದು ರಸ್ತೆ ದಾಟಿ ಬಂದಳು. ಬ್ರೆಡ್ಡಿನವಳಿಗೆ ಇದೆಲ್ಲ ಹೇಳಿದಳು. ಬ್ರೆಡ್ಡಿನವಳು ಅಚ್ಚು ಉಜ್ಜುತ್ತಿದ್ದಳು. ಉಜ್ಜುತ್ತಲೇ ಕೇಳಿಸಿಕೊಂಡಳು. ಕೇಳಿ ಮುಗಿದ ಮೇಲೆ ಮೂಲೆಗೆ ಹೋಗಿ, ತಾನು ಇರಿಸಿಕೊಂಡಿದ್ದ ಹಳೆಯ ಹಿಟ್ಟನ್ನು ತಾನೇ ಗಿಡದ ಬುಡಕ್ಕೆ ಸುರಿದಳು. ಜಾಡಿ ತೊಳೆದಳು. ಬಟ್ಟಲಿನ ಹಿಟ್ಟನ್ನು ಅದಕ್ಕೆ ಹಾಕಿದಳು.

“ಬ್ರೆಡ್ಡು ಮಾಡದ ದಿನವೂ ಒಂದು ಹಿಡಿ ತೆಗೆದು ಚೆಲ್ಲಿಬಿಡು, ಹೊಸ ಹಿಟ್ಟು, ಹೊಸ ನೀರು ಹಾಕು ಅಂತ ಅತ್ತೆ ಹೇಳುತ್ತಿದ್ದಳು. ಹೊಟ್ಟೆಗೆ ಹಾಕುವುದು ತಿಳಿದಿತ್ತು. ತೆಗೆದು ಚೆಲ್ಲುವುದು ಯಾತಕ್ಕೆ ಅಂತ ಗೊತ್ತಿರಲಿಲ್ಲ” ಎಂದಳು. “ಇವತ್ತಿನಿಂದ ಜಾಡಿ ನೀನು ನೋಡಿಕೋ.”

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು.

ವಾರಿಜಳ ಮುಖ ಅರಳಿತ್ತು. ಬಂದಾಗ ಇದ್ದ ಬಿಗಿ ಈಗ ಇರಲಿಲ್ಲ. “ಗೊತ್ತಾಯಿತು ಗುರುಗಳೇ. ಹುಳಿ ಒಳಗೆ ಬರದ ಹಾಗೆ ಮಾಡಲು ಆಗುವುದಿಲ್ಲ. ಬಂದದ್ದನ್ನು ಒಳಗೆ ಉಳಿಸಿಕೊಳ್ಳಬಾರದು, ಅಷ್ಟೇ. ನೋಡಿದರೆ ನಾನು ಆರು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದೇನೆ. ನಾನು ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. ಯಾರು ಏನೇ ಅಂದರೂ ಆಗಿಂದಾಗಲೇ ಹೊರಗೆ ಹಾಕಿಬಿಡುತ್ತೇನೆ.”

ಗುರುಗಳು ತಲೆಯಾಡಿಸಿದರು. ಆಮೇಲೆ ಕೇಳಿದರು.

“ಯಾರ ಮೇಲೆ?”